ಕಾಡಿಗೆ ಕಟ್ಟಿಗೆ ಹೊರಿಸಿದವರು

ಕಾಡಿಗೆ ಹೋಗುವಾಗ ಮನೆಯಿಂದಲೇ ಕಟ್ಟಿಗೆ ಹೊತ್ತುಕೊಂಡು ಹೋದ ಜನ ಪುಣೆಯಲ್ಲಿ ನಾವಷ್ಟೇ ಇರಬೇಕು. ಶನಿವಾರ ನಸುಕಿನಲ್ಲಿ ಸ್ವಾರ್‌ಗೇಟಿನ ಹತ್ತಿರ ಟೆಂಪೋ ಟ್ರಾವೆಲರ್ ಹತ್ತುವ ಹದಿನಾಲ್ಕು ಮಂದಿ, ಒಬ್ಬೊಬ್ಬರ ಬೆನ್ನಚೀಲದ ಮೇಲೂ ಸುತಳಿಯಿಂದ ಬಿಗಿದ ಒಂದೊಂದು ಕಟ್ಟು. ಪಕ್ಕದಲ್ಲಿ ಬೇರೆ ಗುಂಪಿನ ಹುಡುಗರು ಬಣ್ಣಬಣ್ಣದ ಜಾಕೆಟ್ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದವರು ನಮ್ಮನ್ನು ನೋಡಿ ಕಿಸಕ್ಕನೆ ನಗುತ್ತಿದ್ದರು. ಒಮ್ಮೆ ನಮ್ಮ ಡ್ರೈವರನೇ ತಡೆಯಲಾರದೆ ಮರಾಠಿಯಲ್ಲಿ ಕೇಳಿಬಿಟ್ಟ: ಕಾಕಾ, ನೀವು ಸಮುದ್ರಕ್ಕೆ ಹೋಗುವಾಗ ನೀರೂ ತಗೊಂಡು ಹೋಗ್ತೀರೇನು? ಬಾಗಿಲಲ್ಲಿ ಕಟ್ಟು ಹಂಚುತ್ತಿದ್ದ ಕಾಕಾ ನಗಲಿಲ್ಲ. "ಕುಡಿಯಾಕ ಒಯ್ಯಲಿಕ್ಕೇ ಬೇಕಲ್ಲಪಾ" ಅಂದರು, ಅದೂ ಕನ್ನಡದಲ್ಲಿ. ಡ್ರೈವರನಿಗೆ ಅರ್ಥವಾಗಲಿಲ್ಲ. ನಮಗೆ ಆಯಿತು.

ಅವರು ತೀರಿಕೊಂಡ ಸುದ್ದಿ ಈ ಬೇಸಿಗೆಯಲ್ಲಿ ಗುಂಪಿನ ವಾಟ್ಸಾಪಿನಲ್ಲಿ ಬಂತು. ಕೈಮುಗಿದ ಚಿತ್ರಗಳ ಸಾಲು ಕೆಳಗಿಳಿಯುತ್ತಲೇ ಹೋಯಿತು. ನಾನೂ ಒಂದು ಹಾಕಿದೆ. ಹಾಕಿ ಹೋಟೆಲಿನ ಗಲ್ಲಾದಲ್ಲಿ ಕೂತೆ. ಗಿರಾಕಿಗಳ ಗದ್ದಲದಲ್ಲಿ ಅಳು ಬರುವುದು ಕಷ್ಟ, ಬರಲೂ ಇಲ್ಲ. ಆದರೆ ಮಧ್ಯಾಹ್ನದೊಳಗೆ ಎರಡು ಸಲ ತಪ್ಪು ಚಿಲ್ಲರೆ ಕೊಟ್ಟೆ ಅಂತ ನಮ್ಮ ಯಜಮಾನರು ಗೊಣಗಿದರು.

ನಾವು ಕುಂದಾಪುರದ ಕಡೆಯವರು, ಪುಣೆಯಲ್ಲಿ ಹೋಟೆಲಿನವರು. ಅವರು ಬಾಗಲಕೋಟೆಯ ಕಡೆಯವರು, ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್, ಮನೆ ಕೊಂಢವಾದಲ್ಲಿ. ವಾರಾಂತ್ಯಕ್ಕೆ ಬೆಟ್ಟ ಹತ್ತುವ ಕನ್ನಡದವರ ಗುಂಪೊಂದಿಲ್ಲದಿದ್ದರೆ ನಾವಿಬ್ಬರೂ ಜನ್ಮದಲ್ಲಿ ಭೇಟಿಯಾಗುವ ಕಾರಣವೇ ಇರಲಿಲ್ಲ. ಗುಂಪಿನವರ ಬಾಯಲ್ಲಿ ಅವರು 'ಕಟ್ಟಿಗಿ ಕಾಕಾ'. ಎದುರಿಗೂ ಹಾಗೇ ಕರೆಯುತ್ತಿದ್ದೆವು. ಅವರು ಬೇಸರಪಟ್ಟುಕೊಂಡದ್ದು ನಾನು ನೋಡಿಲ್ಲ.

ಅವರ ಮನೆಯ ಅಕ್ಕಪಕ್ಕ ಯಾವಾಗಲೂ ಯಾವುದೋ ಕಟ್ಟಡ ಏಳುತ್ತಲೇ ಇರುತ್ತಿತ್ತು. ಅಲ್ಲಿ ಬಿಸಾಕಿದ ಸೆಂಟ್ರಿಂಗ್ ಹಲಗೆಯ ಚೂರುಗಳನ್ನು ಗುತ್ತಿಗೆದಾರನಿಗೆ ಹೇಳಿ ತರುತ್ತಿದ್ದರು. ಒಂದೊಂದರಿಂದಲೂ ಮೊಳೆ ಕಿತ್ತು, ಮೊಳದುದ್ದಕ್ಕೆ ಗರಗಸದಿಂದ ಕೊಯ್ದು, ಹದಿನಾಲ್ಕು ಪಾಲು ಮಾಡಿ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ಮೇಲೊಂದು ಪ್ಲಾಸ್ಟಿಕ್ ಹಾಳೆ. ಮೊಳೆ ಉಳಿದಿದೆಯೇ ಅಂತ ಕಡೆಯದಾಗಿ ಬರಿಗೈಯಲ್ಲಿ ಸವರಿ ನೋಡುತ್ತಿದ್ದರು. ಅದರಿಂದಾಗಿ ಅವರ ಅಂಗೈಯಲ್ಲಿ ಯಾವಾಗಲೂ ಒಂದೆರಡು ಗೀರುಗಳಿರುತ್ತಿದ್ದವು. ಬಸ್ಸಿನ ಬಾಗಿಲಲ್ಲಿ ನಿಂತು ಪ್ರಸಾದ ಹಂಚುವ ಹಾಗೆ ಒಬ್ಬೊಬ್ಬರ ಕೈಗೂ ಕಟ್ಟು ಕೊಡುವುದು, "ಭಾಳ ವಜ್ಜಿ ಇಲ್ರಿ, ಎರಡ ಕಿಲೋ ಅಷ್ಟ" ಅನ್ನುವುದು. ಯಾರಾದರೂ ಮುಖ ಸಿಂಡರಿಸಿದರೆ, "ಹತ್ತು ಮಂದಿ ಹುಲ್ಲಕಡ್ಡಿ, ಒಬ್ಬನ ತಲಿಹೊರಿ ಅಂತಾರ್ರಿ. ನೀವು ಒಂದೀಟು ಹೊತ್ರ ಒಬ್ಬಂದು ಹಗುರಾಗ್ತದ" ಅನ್ನುವುದು.

ಮೊದಲ ಸಲ ನನ್ನ ಕೈಗೆ ಕಟ್ಟು ಬಂದಾಗ ನಾನು ಕೇಳಿಯೇ ಬಿಟ್ಟಿದ್ದೆ. "ಎಂತ ಮಾರಾಯ್ರೆ, ಕಾಡಿಗೆ ಕಟ್ಟಿಗೆ ಹೊರುವುದಾ?"

"ಆ ಕಾಡಿಗೆ ಹೊರಬೇಕ್ರಿ ಅಕ್ಕಾರ. ನೋಡ್ತೀರಲ್ಲ."

ನಾವು ವರ್ಷಕ್ಕೆ ಮೂರು ನಾಲ್ಕು ಸಲ ಹೋಗುತ್ತಿದ್ದ ಜಾಗ ಮುಳಶಿ ಕೆರೆಯ ಆಚೆಯ ಬೆಟ್ಟಗಳ ಒಳಗೆ ಇದೆ. ರಸ್ತೆ ಮುಗಿದ ಮೇಲೆ ಐದು ತಾಸಿನ ನಡಿಗೆ. ಮೇಲೆ ದೇವಿಗೆ ಬಿಟ್ಟ ಕಾಡು, ಅಲ್ಲಿಯವರು ದೇವರಾಯಿ ಅನ್ನುತ್ತಾರೆ, ಚಿಕ್ಕದಾಗಿ ರಾಯಿ. ಅದರ ಅಂಚಿನಲ್ಲಿ ಕಲ್ಲುಗೋಡೆಯ, ತಗಡಿನ ಮಾಡಿನ ಒಂದೇ ಕೋಣೆಯ ಝಾಪ, ಅಂದರೆ ಕಾಡಿನ ಗುಡಿಸಲು. ಹಿಂದೆ ಜಾತ್ರೆಗೆ ಬಂದವರು ತಂಗಲಿ ಅಂತ ಊರವರು ಕಟ್ಟಿದ್ದಂತೆ. ಅದರ ಕೀಲಿ ಇರುವುದು ಸ್ವಲ್ಪ ಕೆಳಗೆ ಒಂಟಿಮನೆಯಲ್ಲಿರುವ ಆಜಿಯ ಹತ್ತಿರ. ದೇವಿಯ ಪೂಜೆ ಅವರ ಮನೆತನದ್ದು.

ರಾಯಿಯಲ್ಲಿ ಮರ ಕಡಿಯುವುದಿರಲಿ, ಬಿದ್ದ ಕಡ್ಡಿಯನ್ನೂ ಯಾರೂ ಎತ್ತುವುದಿಲ್ಲ. ಬಿದ್ದ ಮರ ಬಿದ್ದಲ್ಲೇ ಮಣ್ಣಾಗಬೇಕು. ಇದು ನನಗೆ ಹೊಸದಾಗಿರಬಾರದಿತ್ತು. ನಮ್ಮೂರಿನ ನಾಗಬನದಲ್ಲಿ ಎಲೆ ಕಿತ್ತರೆ ಅಮ್ಮ ಕೆನ್ನೆಗೆ ಕೊಡುತ್ತಿದ್ದಳು. ಆದರೆ ಊರು ಬಿಟ್ಟವರು ಭಯವನ್ನೂ ಊರಲ್ಲೇ ಬಿಟ್ಟು ಬಂದಿರುತ್ತೇವೆ.

ಮೊದಲ ವರ್ಷ ಆಜಿ ಝಾಪ ಕೊಡಲು ಒಪ್ಪಿರಲಿಲ್ಲವಂತೆ. ಪುಣೆಯ ಜನ ಬರುತ್ತಾರೆ, ಚಳಿ ಅಂತ ಬೆಂಕಿ ಹಾಕುತ್ತಾರೆ, ರಾಯಿಗೆ ಕೈ ಹಚ್ಚುತ್ತಾರೆ, ಬೇಡ ಅಂದರಂತೆ. ಆಗ ಕಾಕಾ, ನಾವು ಸುಡುವ ಒಂದೊಂದು ಕಡ್ಡಿಯೂ ಪುಣೆಯಿಂದ ಬರುತ್ತದೆ ಅಂತ ಮಾತು ಕೊಟ್ಟರು. ಆಜಿ ನಂಬಲಿಲ್ಲ. ಮುಂದಿನ ಶನಿವಾರ ಅವರು ಒಬ್ಬರೇ ಒಂದು ಹೊರೆ ಹಲಗೆಚೂರು ಹೊತ್ತುಕೊಂಡು ಹೋಗಿ ಆಜಿಯ ಅಂಗಳದಲ್ಲಿ ಇಳಿಸಿದರು. ಅದನ್ನು ನೋಡಿ ಆ ಮುದುಕಿ ಎಷ್ಟು ನಕ್ಕರೆಂದರೆ ಎಲೆಅಡಿಕೆ ಗಂಟಲಿಗೆ ಸಿಕ್ಕಿತಂತೆ. ನಕ್ಕು ಮುಗಿದ ಮೇಲೆ ಇದ್ದ ಎರಡು ಕೀಲಿಗಳಲ್ಲಿ ಒಂದನ್ನು ಅವರ ಕೈಗೇ ಕೊಟ್ಟುಬಿಟ್ಟರು. ಆ ಕೀಲಿ ಅವರ ಮನೆಯ ಕೀಲಿಯ ಜೊತೆ ಒಂದೇ ಗೊಂಚಲಿನಲ್ಲಿ ಇರುತ್ತಿತ್ತು. ಕಾರ್ಖಾನೆಗೆ ಹೋದಾಗಲೂ ಸೊಂಟದಲ್ಲಿ ಅದೇ.

ರಾಯಿಯೊಳಗೆ ಕಾಲಿಟ್ಟರೆ ಕಾಕಾನ ದನಿ ತಗ್ಗುತ್ತಿತ್ತು. ಭಕ್ತಿಯೆಂದರೆ ಅಷ್ಟೇನಲ್ಲ, ದೇವಿಗೆ ಒಂದು ಕೈ ಮುಗಿದರೆ ಮುಗಿಯಿತು. ಅವರಿಗೆ ಮರಗಳದ್ದೇ ಸಂಭ್ರಮ. "ನಮ್ಮ ಊರಾಗ ಜಾಲಿ ಬಿಟ್ರ ಬ್ಯಾರೆ ಗಿಡ ಕಂಡಾವ್ರಲ್ರಿ ನಾವು" ಅನ್ನುತ್ತ ಒಂದೊಂದರ ಬುಡಕ್ಕೂ ಅಂಗೈ ಊರಿ ನಿಲ್ಲುತ್ತಿದ್ದರು, ಜ್ವರ ನೋಡುವವರ ಹಾಗೆ. ಹೆಸರುಗಳು ಅವರಿಗೆ ಮರಾಠಿಯಲ್ಲೇ ಗೊತ್ತಿದ್ದವು, ಕಲಿತದ್ದು ಇಲ್ಲೇ ಅಲ್ಲವೇ. ಹಿರಡಾ ಅಂದರೆ ನಾನು ಅಳಲೆ ಅನ್ನುತ್ತಿದ್ದೆ, ಜಾಂಭೂಳ ಅಂದರೆ ನೇರಳೆ. ಹೌದಾ ಅಂತ ಒಂದು ಸಲ ಬಾಯಲ್ಲಿ ಹೇಳಿಕೊಂಡು ಮುಂದಿನ ಸಲಕ್ಕೆ ಮರೆತಿರುತ್ತಿದ್ದರು.

ನಡೆಯುವಾಗ ಅವರು ಯಾವಾಗಲೂ ಎಲ್ಲರಿಗಿಂತ ಹಿಂದೆ. ಮುಂದೆ ಕುಲಕರ್ಣಿ, ಧಾರವಾಡದವರು, ಆಫೀಸಿನಲ್ಲಿ ಕ್ಲಾರ್ಕ್, ಬೆಟ್ಟದಲ್ಲಿ ದಂಡನಾಯಕ. ಹಿಂದೆ ಕಾಕಾ, ತಲೆಗೆ ಟವೆಲ್, ಹೆಗಲಿಗೆ ಒಂದು ಖಾಲಿ ಗೋಣಿಚೀಲ. ಕೀಲಿಗೊಂಚಲನ್ನು ಕುಲಕರ್ಣಿಯವರ ಕೈಗೆ ಕೊಟ್ಟು ಕಳಿಸಿ, ಝಾಪಕ್ಕೆ ನಾವು ಮುಟ್ಟಿ ಅರ್ಧ ತಾಸಿಗೆ ಅವರು ಬರುತ್ತಿದ್ದರು. ವಯಸ್ಸಾಯಿತು, ಕಾಲು ನಿಧಾನ ಅಂದುಕೊಂಡಿದ್ದೆವು. ಗೋಣಿಚೀಲ ಹಾಸಿಕೊಳ್ಳಲು ಅಂದುಕೊಂಡಿದ್ದೆವು.

ಈಗ ನನ್ನ ವಿಷಯ ಹೇಳಬೇಕು. ಮೂರನೆಯದೋ ನಾಲ್ಕನೆಯದೋ ನಡಿಗೆಯಲ್ಲಿ, ಏರು ಶುರುವಾಗುವಲ್ಲಿ, ಕಾರವಿ ಪೊದೆಯ ಹಿಂದೆ ನನ್ನ ಕಟ್ಟನ್ನು ಮೆಲ್ಲಗೆ ಇಳಿಸಿಬಿಟ್ಟೆ. ಹದಿಮೂರು ಕಟ್ಟು ಇರುವಾಗ ನನ್ನದೊಂದು ಇಲ್ಲದಿದ್ದರೆ ಒಲೆ ಆರುತ್ತದೆಯೇ? ಆರಲಿಲ್ಲ. ಆ ದಿನ ಎಂದಿನಂತೆ ಬೆಂಕಿ ಉರಿಯಿತು, ಕಡಲೆಹಿಟ್ಟಿನ ಪಿಠಲೆ ಬೆಂದಿತು, ನಾನು ಎಲ್ಲರಿಗಿಂತ ಹೆಚ್ಚು ಉಂಡೆ. ಮುಂದಿನ ಸಲವೂ ಇಳಿಸಿದೆ. ಹೀಗೆ ಎರಡು ವರ್ಷ ನನ್ನ ಬೆನ್ನು ಹಗುರವಾಗಿ, ಮನಸ್ಸೂ ಹಗುರವಾಗಿಯೇ ಇತ್ತು. ಸುಳ್ಳು ಹೇಳಲಾರೆ, ನಾಚಿಕೆ ಅನ್ನಿಸಿರಲಿಲ್ಲ.

ಆರು ವರ್ಷದ ಹಿಂದಿನ ಒಂದು ಆಗಸ್ಟ್ ಶನಿವಾರ ಮಳೆ ಹಿಡಿದದ್ದು ಬಿಡಲಿಲ್ಲ. ಆ ಸಲ ಮೇಘನಾ ಅಂತ ಒಬ್ಬಳು ಹೊಸ ಹುಡುಗಿ ಬಂದಿದ್ದಳು, ಬೆಂಗಳೂರಿನವಳು, ಹಿಂಜವಡಿಯಲ್ಲಿ ಕೆಲಸ. ಕಟ್ಟು ಕೈಗೆ ಬಂದಾಗ "ಓ, ಸೋ ಕ್ಯೂಟ್ ಅಂಕಲ್" ಅಂದು ಎದೆಗೆ ಅವಚಿಕೊಂಡು ಬಂದಿದ್ದಳು. ಝಾಪಕ್ಕೆ ಇನ್ನೊಂದು ತಾಸು ಇರುವಾಗ ಹಳ್ಳ ದಾಟುವಲ್ಲಿ ಕಾಲು ಜಾರಿ ಕತ್ತಿನವರೆಗೆ ಮುಳುಗಿದಳು. ಎತ್ತಿದೆವು. ಏನೂ ಆಗಿಲ್ಲ ಅಂದಳು. ಗಾಳಿ ಜೋರಾಗಿತ್ತು, ಅವಳನ್ನು ನಡುವೆ ಇಟ್ಟುಕೊಂಡು ಬೇಗ ಬೇಗ ನಡೆದೆವು. ಕಾಕಾ ಎಂದಿನಂತೆ ಹಿಂದೆ, ಕಣ್ಣಿಗೆ ಕಾಣದಷ್ಟು ಹಿಂದೆ.

ಝಾಪ ಮುಟ್ಟುವಾಗ ಸಂಜೆ ನಾಲ್ಕು ಗಂಟೆ. ಹುಡುಗಿಯ ಹಲ್ಲು ಕಟಕಟ ಅನ್ನುತ್ತಿತ್ತು. ಒದ್ದೆ ಬಟ್ಟೆ ತೆಗೆಸಿ ಇದ್ದ ಕಂಬಳಿಗಳನ್ನೆಲ್ಲ ಸುತ್ತಿದೆವು. ಕಂಬಳಿಗಳೂ ಅರ್ಧ ಒದ್ದೆ. ಕುಲಕರ್ಣಿಯವರ ಪುಟ್ಟ ಗ್ಯಾಸ್ ಒಲೆ ಒಂದು ಲೋಟ ಚಹಾ ಕಾಯಿಸಿತು. ಅದನ್ನು ಹಿಡಿಯಲು ಅವಳ ಬೆರಳು ಬಗ್ಗಲಿಲ್ಲ.

"ಕಟ್ಟಿಗಿ ತಗೀರಿ ಎಲ್ಲಾರೂ, ಲಗೂ" ಅಂದರು ಕುಲಕರ್ಣಿ.

ಅವರು ತಮ್ಮ ಕಟ್ಟನ್ನು ಬಿಚ್ಚಿದರು. ಮೇಘನಾಳದ್ದನ್ನು ಯಾರೋ ಬಿಚ್ಚಿದರು, ಹಳ್ಳದಲ್ಲಿ ನೆನೆದು ನೀರು ಸುರಿಯುತ್ತಿತ್ತು. ಆಮೇಲೆ ಯಾರೂ ಮುಂದೆ ಬರಲಿಲ್ಲ. ನಾನು ತಲೆ ಎತ್ತಿ ನೋಡಿದೆ. ಒಬ್ಬೊಬ್ಬರ ಬೆನ್ನಚೀಲದ ಮೇಲೂ ಖಾಲಿ ಜಾಗ. ಬೇರೆ ಹನ್ನೊಂದು ಜನರೂ ನನ್ನಷ್ಟೇ ಬುದ್ಧಿವಂತರು ಅಂತ ನನಗೆ ಗೊತ್ತಾದದ್ದು ಆಗ. ತಪ್ಪಿತು, ಹತ್ತು ಜನ. ಹನ್ನೊಂದನೆಯವಳು ನಾನು.

ಆ ಹೊತ್ತಿಗೇ ಇನ್ನೊಂದೂ ಹೊಳೆಯಿತು. ಇಷ್ಟು ವರ್ಷ ನಾವು ಸುಟ್ಟದ್ದು ಏನನ್ನು? ನಾವು ದಾರಿಯುದ್ದಕ್ಕೂ ಇಳಿಸಿದ್ದನ್ನು ಒಬ್ಬರು ಹಿಂದಿನಿಂದ ಆಯ್ದುಕೊಂಡು, ಗೋಣಿಚೀಲದಲ್ಲಿ ತುಂಬಿ, ತಡವಾಗಿ ಬಂದು, ಸದ್ದಿಲ್ಲದೆ ಹಿಂದಿನ ಜಗಲಿಯಲ್ಲಿ ಜೋಡಿಸುತ್ತಿದ್ದರು. ಒಂದು ಸಲವೂ ಒಂದು ಮಾತೂ ಆಡಿರಲಿಲ್ಲ.

ಕುಲಕರ್ಣಿಯವರ ಕಟ್ಟು ಇಪ್ಪತ್ತು ನಿಮಿಷಕ್ಕೆ ಉರಿದು ಹೋಯಿತು. ಕಾಕಾ ಬರಲಿಲ್ಲ. ಹುಡುಗಿಯ ನಡುಕ ನಿಂತಿತು, ಮಾತು ತೊದಲತೊಡಗಿತು, ನಿದ್ದೆ ಬರ್ತಿದೆ ಆಂಟೀ ಅಂದಳು. ನಡುಕ ನಿಲ್ಲುವುದು ಒಳ್ಳೆಯದಲ್ಲ ಅಂತ ಬೆಟ್ಟ ಹತ್ತುವವರೆಲ್ಲರಿಗೂ ಗೊತ್ತು. ಇಬ್ಬರು ಕಾಕಾನನ್ನು ಹುಡುಕಲು ಕೆಳಗೆ ಹೊರಟರು. ಬಾಗಿಲಿನಿಂದ ಹತ್ತು ಹೆಜ್ಜೆಗೆ ರಾಯಿ ಶುರುವಾಗುತ್ತದೆ. ನಾನು ಗೋಡೆಗೆ ಸಿಕ್ಕಿಸಿದ್ದ ಕೊಯ್ತಾ ಕತ್ತಿ ತೆಗೆದುಕೊಂಡು ಹೊರಬಂದೆ. ಒಂದು ಅಂಜನಿ ಮರದಲ್ಲಿ ಒಣಗಿ ನಿಂತಿದ್ದ ಕೊಂಬೆ ಇತ್ತು, ತೋಳಿನಷ್ಟು ದಪ್ಪ. ಕಡಿದೆ. ಮೇಲಿನ ತೊಗಟೆ ಒದ್ದೆ, ಒಳಗೆ ಒಣ. ಸೀಳಿ, ಕರ್ಪೂರ ಇಟ್ಟು ಹೊತ್ತಿಸಿದೆ. ಅದು ಉರಿದ ಹಾಗೆ ಯಾವ ಹಲಗೆಯೂ ಉರಿದಿರಲಿಲ್ಲ. ಮುಕ್ಕಾಲು ತಾಸಿಗೆ ಹುಡುಗಿಗೆ ಮತ್ತೆ ನಡುಕ ಬಂತು, ಆಮೇಲೆ ಅಳು ಬಂತು, ಆಮೇಲೆ ಹಸಿವೆ.

ಇನ್ನೊಮ್ಮೆ ಆ ಸ್ಥಿತಿ ಬಂದರೆ ನಾನು ಮತ್ತೆ ಆ ಕೊಂಬೆಯನ್ನು ಕಡಿಯುತ್ತೇನೆ. ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಪಶ್ಚಾತ್ತಾಪ ಇರುವುದು ಅದರ ಮೊದಲಿನದಕ್ಕೆ ಮತ್ತು ಆಮೇಲಿನದಕ್ಕೆ.

ಆರು ಗಂಟೆಯ ಹೊತ್ತಿಗೆ ಕಾಕಾ ಬಂದರು. ಹುಡುಕಲು ಹೋದ ಇಬ್ಬರೂ ಒಂದೆರಡು ಕಟ್ಟು ಹೊತ್ತಿದ್ದರು, ಉಳಿದದ್ದೆಲ್ಲ ಅವರ ಬೆನ್ನ ಮೇಲೆ. ಹಳ್ಳ ಏರಿದ್ದರಿಂದ ಹೊರೆಯನ್ನು ನಾಲ್ಕು ಪಾಲು ಮಾಡಿ ದಾಟಿಸಿದ್ದರಂತೆ. ಮೈಯೆಲ್ಲ ತೊಯ್ದು ತೊಪ್ಪೆ. ಬಾಗಿಲಲ್ಲಿ ನಿಂತವರು ಮೂಗರಳಿಸಿದರು. ನಮ್ಮ ಹಲಗೆ ಸುಟ್ಟರೆ ಹೊಗೆಗೆ ಸಿಮೆಂಟಿನ ವಾಸನೆ ಇರುತ್ತದೆ. ಇದಕ್ಕೆ ಇರಲಿಲ್ಲ. ಒಲೆಯ ಕಡೆ ನೋಡಿದರು, ಒಲೆಯ ಪಕ್ಕದಲ್ಲಿ ಕೊಯ್ತಾ ಹಿಡಿದಿದ್ದ ನನ್ನ ಕಡೆ ನೋಡಿದರು.

"ಹುಡುಗಿ ಹ್ಯಾಂಗದಾಳ್ರಿ?" ಅಂದರು.

"ಈಗ ಅಡ್ಡಿಲ್ಲ ಕಾಕಾ."

"ಸಾಕು ಬಿಡ್ರಿ."

ಅಷ್ಟು ಹೇಳಿ ಬಾಗಿಲ ಪಕ್ಕದ ಮೂಲೆಯಲ್ಲಿ ಗೋಡೆಗೆ ಒರಗಿ ಕೂತರು. ಒಲೆಯ ಹತ್ತಿರ ಬನ್ನಿ ಅಂತ ಎಲ್ಲರೂ ಕರೆದರು. "ನನಗ ಸೆಕಿ ಆಗೇದ್ರಿ, ಹೊತ್ತು ಬಂದೀನಲ್ಲ" ಅಂದರು. ತಾವು ತಂದ ಕಟ್ಟುಗಳಲ್ಲಿ ಒಂದನ್ನು ಬಿಚ್ಚಿ ಬೇರೆ ಒಲೆ ಹೂಡಲಿಲ್ಲ, ಈ ಒಲೆಯ ಹತ್ತಿರವೂ ಬರಲಿಲ್ಲ. ಒದ್ದೆ ಟವೆಲನ್ನು ಹಿಂಡಿ ಹಿಂಡಿ ಮೈ ಒರೆಸಿಕೊಂಡರು. ಸಜ್ಜೆರೊಟ್ಟಿಯನ್ನು ಶೇಂಗಾ ಚಟ್ನಿ ಹಚ್ಚಿ ತಣ್ಣಗೇ ತಿಂದರು. ಹನ್ನೊಂದು ಜನ ತಲೆ ತಗ್ಗಿಸಿ ಬೆಂಕಿ ಕಾಯಿಸಿಕೊಂಡೆವು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮರುದಿನ ಬೆಳಿಗ್ಗೆ ಇಳಿಯುವಾಗ ಆಜಿಯ ಅಂಗಳದಲ್ಲಿ ನಿಂತರು. ನಾವೆಲ್ಲ ಹಿಂದೆ ಸಾಲಾಗಿ. ಸೊಂಟದಿಂದ ಗೊಂಚಲು ತೆಗೆದು, ಅದರ ಬಿಗಿಯಾದ ಬಳೆಯಿಂದ ಆ ಕೀಲಿಯನ್ನು ಉಗುರಿನಿಂದ ಬಿಡಿಸತೊಡಗಿದರು. ಬಹಳ ಹೊತ್ತು ಹಿಡಿಯಿತು. ಬಿಡಿಸಿ ಆಜಿಯ ಕೈಯಲ್ಲಿಟ್ಟು, ತಮ್ಮ ಮುರುಕು ಮರಾಠಿಯಲ್ಲಿ ಹೇಳಿದರು: ರಾಯಿಯ ಕೊಂಬೆ ನಾನು ಕಡಿದೆ. ಮಾತು ತಪ್ಪಿದೆ. ಇನ್ನು ನಾನು ಬರುವುದಿಲ್ಲ.

ಆಜಿ ಅವರ ಮುಖ ನೋಡಿದರು. ಆಮೇಲೆ ನಮ್ಮ ಒಬ್ಬೊಬ್ಬರ ಮುಖವನ್ನೂ, ಅವಸರವಿಲ್ಲದೆ, ನೋಡುತ್ತ ಬಂದರು. ನನ್ನ ಸರದಿ ಬಂದಾಗ ನಾನು ನನ್ನ ಬೂಟಿಗೆ ಹತ್ತಿದ ಕೆಸರನ್ನು ಕಲ್ಲಿಗೆ ಉಜ್ಜುತ್ತಿದ್ದೆ. ಕಡಿದದ್ದು ನಾನು ಅಂತ ಹತ್ತು ಜನರೆದುರು ಹೇಳಬೇಕಲ್ಲ ಅನ್ನಿಸಿತು. ಬಸ್ಸು ಕಾಯುತ್ತಿದೆ ಅನ್ನಿಸಿತು. ಕೊಂಬೆಯ ಮಾತು ತೆಗೆದರೆ ಪೊದೆಯ ಹಿಂದಿನ ಕಟ್ಟಿನ ಮಾತೂ ಬರುತ್ತದೆ ಅನ್ನಿಸಿತು. ಆಜಿ ಕೀಲಿಯನ್ನು ಸೆರಗಿಗೆ ಗಂಟು ಹಾಕಿ ಒಳಗೆ ಹೋದರು.

ದಾರಿಯಲ್ಲಿ ನಾನು ಅವರ ಜೊತೆ ಹಿಂದೆ ನಡೆದೆ. "ಕಾಕಾ, ನೀವು ಯಾಕೆ ಹಾಗೆ ಹೇಳಿದ್ರಿ" ಅಂದೆ.

"ಮಾತು ಕೊಟ್ಟಾಂವ ನಾನ್ರಿ. ನೀವೇನು ಕೊಟ್ಟಿರಲಿಲ್ಲಲ್ಲ" ಅಂದರು. ಚುಚ್ಚಿ ಹೇಳಿದ್ದಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದ್ದು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುವ ಕಾಲದ ಜನ.

ಗುಂಪು ಒಡೆಯಲಿಲ್ಲ. ಲೋಣಾವಳಾದ ಆಚೆ ಗಾದಿ, ಗ್ಯಾಸು, ಬಿಸಿನೀರು ಇರುವ ಜಾಗವೊಂದು ಸಿಕ್ಕಿತು, ಬರುವಾಗ ಚಿಕ್ಕಿ ತರಬಹುದು. ಕಾಕಾ ಒಮ್ಮೆ ಬಂದು, ಅಲ್ಲಿಯ ಹುಲ್ಲುಹಾಸಿನ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೋದರು. ಆಮೇಲೆ ಮೊಣಕಾಲು ನೋವು ಅಂದರು. ನಿವೃತ್ತಿಯಾದ ಮೇಲೆ ಒಮ್ಮೆ ಕೊಂಢವಾದ ತರಕಾರಿ ಮಾರುಕಟ್ಟೆಯಲ್ಲಿ ಸಿಕ್ಕಿದ್ದರು. ಮೆಂತ್ಯದ ಸಿವುಡು ಹಿಡಿದುಕೊಂಡೇ ಅರ್ಧ ತಾಸು ಮಾತಾಡಿದರು. ಮೇಘನಾಳಿಗೆ ಮದುವೆಯಾಯಿತು ಅಂದೆ, ಸಂತೋಷಪಟ್ಟರು. ಹೊರಡುವಾಗ ಅಂದರು, "ಮಳಿ ಹತ್ತಿತಂದ್ರ ರಾಯಿ ನೆನಪಾಗ್ತದ್ರಿ ಅಕ್ಕಾರ. ಒಮ್ಮೆ ನೋಡಿ ಬರೂಣು ಅನಸ್ತದ. ಆದ್ರ ಯಾವ ಮಾರಿ ಇಟ್ಕೊಂಡು ಹೋಗೂದು?"

"ಹೋಗುವ ಕಾಕಾ, ನಾನು ಬರ್ತೇನೆ ಜೊತೆಗೆ" ಅಂದೆ. ಹೇಳಲು ಏನು ಖರ್ಚು. ಎರಡು ಮಳೆಗಾಲ ಕಳೆಯಿತು. ಹೋಟೆಲು, ಮಗಳ ಪರೀಕ್ಷೆ, ನನ್ನ ಬೆನ್ನುನೋವು. ನೆಪಗಳಿಗೆ ಬರವೇ.

ಅವರು ತೀರಿಕೊಂಡ ಮೇಲೆ, ಈ ಜೂನ್ ಕೊನೆಯಲ್ಲಿ, ಒಬ್ಬಳೇ ಹೋದೆ. ಝಾಪದವರೆಗೆ ಹೋಗಲಿಲ್ಲ, ಆಜಿಯ ಮನೆಯವರೆಗೆ. ಅವರು ಇನ್ನಷ್ಟು ಬಾಗಿದ್ದರು, ಗುರುತು ಹಿಡಿದರು. ಅಂಗಳದ ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟರು. ಕುಡಿಯುವ ಮೊದಲೇ ಹೇಳಿಬಿಟ್ಟೆ. ಆಜಿ, ಆ ಕೊಂಬೆ ಕಡಿದದ್ದು ನಾನು, ಅವರಲ್ಲ.

"ಗೊತ್ತು" ಅಂದರು ಆಜಿ. "ಮೇಲೆ ಹೊಗೆ ಎದ್ದು ಎಷ್ಟೋ ಹೊತ್ತಾದ ಮೇಲೆ ಆತ ಹೊರೆ ಹೊತ್ತು ನನ್ನ ಬಾಗಿಲ ಮುಂದೆ ಏರಿ ಹೋದ. ನನಗೆ ಕಣ್ಣಿಲ್ಲವೇ?"

ಹಾಗಾದರೆ ಕೀಲಿ ಯಾಕೆ ತೆಗೆದುಕೊಂಡಿರಿ ಅಂದೆ.

ಆಜಿ ನನ್ನನ್ನು ಚಿಕ್ಕ ಮಗುವನ್ನು ನೋಡುವ ಹಾಗೆ ನೋಡಿದರು. ಜೀವ ಉಳಿಸಲು ಕಡಿದರೆ ದೇವಿಗೆ ಸಿಟ್ಟಿಲ್ಲ ಬಾಯಿ, ನಮ್ಮವರೂ ಕಡಿದಿದ್ದಾರೆ. ಕಡಿದವರು ತಾವೇ ಬಂದು ಕಡಿದೆ ಅನ್ನಬೇಕು, ಒಂದು ಕಾಯಿ ಒಡೆಯಬೇಕು, ಅಲ್ಲಿಗೆ ಮುಗಿಯಿತು. ಇನ್ನೊಬ್ಬರು ಹೇಳಿದರೆ ಅದು ಮುಗಿಯುವುದಿಲ್ಲ. ಅವತ್ತು ನಿಮ್ಮ ಮುಖಗಳನ್ನೆಲ್ಲ ನೋಡಿದೆ, ಯಾರೂ ಬಾಯಿ ಬಿಡಲಿಲ್ಲ. ಇವತ್ತಲ್ಲ ನಾಳೆ ಬರುತ್ತಾರೆ ಅಂತ ಇಟ್ಟುಕೊಂಡೆ.

ಮೊಣಕಾಲಿಗೆ ಕೈ ಊರಿ ಎದ್ದರು. ಒಳಗೆ ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿದ್ದು ಕೇಳಿಸಿತು. ಹೊರಗೆ ಬಂದವರ ಮುಖದಲ್ಲಿ ನಗೆ ಇತ್ತು. ನನ್ನ ಅಂಗೈ ಬಿಡಿಸಿ, ಎಣ್ಣೆ ಒರೆಸಿ ಇಟ್ಟಿದ್ದ ಕೀಲಿಯನ್ನು ಇಟ್ಟು, ಬೆರಳುಗಳನ್ನು ತಾವೇ ಮಡಚಿದರು.

"ಹೋಗಿ ಅವನಿಗೆ ಕೊಡು. ಈ ಮಳೆಯಲ್ಲೇ ಬರಲು ಹೇಳು, ನಾನು ಕರೆದೆ ಅನ್ನು."

ಅವರು ಹೋದ ಸುದ್ದಿಯನ್ನು ನಾನಿನ್ನೂ ಆಜಿಗೆ ಹೇಳಿರಲಿಲ್ಲ.